ಜರಡಿ ಹೇಳದೆ ಉಳಿಸಿಕೊಂಡ ನಿಯಮ

ಜೈಲಿನ ದೊಡ್ಡ ಗೇಟು ದಾಟಿ ಬಂದವರು ಯಾರೇ ಆಗಲಿ, ಮೊದಲು ಕೂರಬೇಕಾಗಿದ್ದದ್ದು ದಾಖಲಾತಿ ಕೋಣೆಯ ಮರದ ಕುರ್ಚಿಯ ಮೇಲೆ. ಎದುರಿಗೆ ಮೇಜು, ಮೇಜಿನಾಚೆ ಹೆಡ್ ವಾರ್ಡರ್. ಅವನಿಗೆ ಕೈದಿಗಳಿಟ್ಟ ಹೆಸರು ಜರಡಿ. ಹೆತ್ತವರಿಟ್ಟ ಹೆಸರು ಸಂಬಳದ ಪಟ್ಟಿಯಲ್ಲಿತ್ತು, ಯಾರ ಬಾಯಲ್ಲೂ ಇರಲಿಲ್ಲ. ಬಂದವನನ್ನು ಎರಡು ನಿಮಿಷ ಮಾತಾಡಿಸಿ, ನಾಲ್ಕು ನಿಮಿಷ ಸುಮ್ಮನೆ ನೋಡಿ, ಇದ್ದ ಆರು ಬ್ಯಾರಕ್‌ಗಳಲ್ಲಿ ಇವನು ಯಾವುದಕ್ಕೆ ಎಂದು ಜರಡಿ ಹೇಳಿಬಿಡುತ್ತಿದ್ದ. ಮೆತ್ತಗಿನವರು ಮೂರಕ್ಕೆ, ಗುಂಪು ಕಟ್ಟಿ ಹೊಡೆದಾಡುವವರು ಎರಡಕ್ಕೆ, ಯಾರ ಜೊತೆಗೂ ಬಿಡಬಾರದವರು ಆರನೆಯ ಸಾಲಿನ ಒಂಟಿ ಸೆಲ್ಲುಗಳಿಗೆ. ಅವನು ಹೇಳಿದ್ದು ತಪ್ಪಿದ್ದು ಅಪರೂಪ.

ಆ ಮೇಜಿನ ಹಿಂದಕ್ಕೆ ಅವನು ಬಂದ ಬಗೆಯೇ ರಕ್ತದ್ದು. ಅವನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಬಂದವರನ್ನು ಎಲ್ಲಿ ಜಾಗ ಖಾಲಿಯೋ ಅಲ್ಲಿಗೆ ತಳ್ಳುತ್ತಿದ್ದರು. ಒಂದು ಬೆಳಿಗ್ಗೆ ಕಚೇರಿಯೊಂದರ ಗುಮಾಸ್ತನನ್ನು ತಂದು, ಚಮಚದ ಹಿಡಿಯನ್ನು ಗೋಡೆಗೆ ಉಜ್ಜಿ ಚೂರಿ ಮಾಡಿಟ್ಟುಕೊಂಡಿದ್ದವನೊಬ್ಬನ ಪಕ್ಕಕ್ಕೆ ಹಾಕಿದರು. ಮಲಗುವ ಜಾಗಕ್ಕೆ ಎದ್ದ ಮಾತು ಮಧ್ಯಾಹ್ನದ ಊಟದ ಸಾಲಿನಲ್ಲಿ ಮುಗಿಯಿತು. ಗುಮಾಸ್ತನ ಹೊಟ್ಟೆ ಹೊಕ್ಕುಳಿಂದ ಪಕ್ಕೆಯವರೆಗೆ ಸೀಳಿತ್ತು. ಇಪ್ಪತ್ತೈದರ ಜರಡಿ ಟವಲಿನಿಂದ ಕರುಳನ್ನು ಒಳಕ್ಕೆ ಒತ್ತಿ ಹಿಡಿದು ಆಸ್ಪತ್ರೆಯ ಗಾಡಿಯಲ್ಲಿ ಕೂತಿದ್ದ. ದಾರಿಯುದ್ದಕ್ಕೂ ಗುಮಾಸ್ತ ಕೇಳಿದ್ದು ಒಂದೇ ಪ್ರಶ್ನೆ: "ನನ್ನ ಚಪ್ಪಲಿ ಎಲ್ಲಿ?" ಆಸ್ಪತ್ರೆಯ ಬಾಗಿಲು ಬರುವ ಹೊತ್ತಿಗೆ ಆ ಪ್ರಶ್ನೆಯೂ ನಿಂತಿತು.

ವಾಪಸು ಬಂದು ಕೈ ತೊಳೆದುಕೊಂಡ ಜರಡಿ ಆಗಿನ ಸೂಪರಿಂಟೆಂಡೆಂಟರ ಮುಂದೆ ಹೋಗಿ ನಿಂತ.

"ಸಾರ್, ಅವರಿಬ್ರನ್ನೂ ಒಂದೇ ಕಡೆ ಹಾಕಬಾರದು ಅಂತ ನಂಗೆ ಬೆಳಿಗ್ಗೆನೇ ಗೊತ್ತಿತ್ತು."

"ಹೇಗಯ್ಯಾ ಗೊತ್ತಿತ್ತು?"

ಅವನಿಗೆ ಹೇಳಲು ಬರಲಿಲ್ಲ. ಆದರೆ ಮುಂದಿನ ವಾರ ಅವನನ್ನು ಆ ಮೇಜಿನ ಹಿಂದೆ ಕೂರಿಸಿ ನೋಡಿದರು. ಅಲ್ಲಿಂದಾಚೆ ಇಪ್ಪತ್ತೇಳು ವರ್ಷ ಅವನನ್ನು ಯಾರೂ ಎಬ್ಬಿಸಲಿಲ್ಲ. ಮೊದಲು ವರ್ಷಕ್ಕೆ ಐದಾರು ಹೆಣ ಬೀಳುತ್ತಿದ್ದ ಜೈಲಿನಲ್ಲಿ ಅಷ್ಟು ವರ್ಷಕ್ಕೂ ಸೇರಿ ಬಿದ್ದದ್ದು ಎರಡು. ಬೇರೆ ಜೈಲಿನವರು ನೋಡಿ ಹೋಗಲು ಬರುತ್ತಿದ್ದರು. ನೋಡಲು ಏನೂ ಇರುತ್ತಿರಲಿಲ್ಲ. ಒಬ್ಬ ಬೋಳುತಲೆಯ ಮನುಷ್ಯ, ತಣ್ಣಗಾದ ಚಹಾ, ಒಂದು ಕುರ್ಚಿ.

ನಿವೃತ್ತಿಗೆ ನಾಲ್ಕು ವರ್ಷ ಉಳಿದಿರುವಾಗ ಇಲಾಖೆಯವರಿಗೆ ಭಯ ಹತ್ತಿತು. ಇವನು ಹೋದರೆ ಇವನ ಜೊತೆ ಇವನ ಕಣ್ಣೂ ಹೋಗುತ್ತದಲ್ಲ? ಅದಕ್ಕೇ ಒಬ್ಬ ಹೆಂಗಸನ್ನು ಕಳಿಸಿದರು. ಪರಿಣತರ ತಲೆಯಲ್ಲಿರುವುದನ್ನು ಕೇಳಿ ಕೇಳಿ ನಿಯಮಗಳಾಗಿ ಬರೆದು ಕಂಪ್ಯೂಟರಿಗೆ ಹಾಕುವುದು ಅವಳ ಕೆಲಸ. ಮೂವತ್ತರ ಆಸುಪಾಸು, ದಪ್ಪ ಕನ್ನಡಕ, ಕೈಯಲ್ಲಿ ಸದಾ ಒಂದು ನೋಟ್‌ಬುಕ್ಕು. ಏನು ಹೇಳಿದರೂ "ಯಾಕೆ?" ಎನ್ನುವಳು. ಎರಡನೆಯ ದಿನಕ್ಕೇ ವಾರ್ಡರುಗಳು ಅವಳಿಗೆ ಯಾಕಮ್ಮ ಎಂದು ಹೆಸರಿಟ್ಟರು. ಅವಳಿಗೂ ತಿಳಿಯಿತು. "ಯಾಕೆ ಹಾಗೆ ಕರೀತೀರಿ?" ಎಂದು ಅದನ್ನೂ ಕೇಳಿದಳು.

ಆರು ತಿಂಗಳು ಅವರಿಬ್ಬರೂ ದಾಖಲಾತಿ ಕೋಣೆಯ ಹಿಂದಿನ ಚಿಕ್ಕ ಕೋಣೆಯಲ್ಲಿ ಕೂತರು.

"ನೋಡಿ ಸಾರ್, ಇದು ಹೊಸ ಉತ್ತರ ಹುಟ್ಟಿಸೋ ಯಂತ್ರ ಅಲ್ಲ," ಎಂದಳು ಅವಳು. "ಉತ್ತರಗಳು ಮೊದಲೇ ಇವೆ. ಆರು ಬ್ಯಾರಕ್, ಅಷ್ಟೇ. ಬಂದವನನ್ನ ನೋಡಿ ಆ ಆರರಲ್ಲಿ ಒಂದಕ್ಕೆ ಹೋಗೋ ದಾರಿ ಬೇಕು. ಆ ದಾರಿ ನಿಮ್ಮ ತಲೇಲಿದೆ."

"ತಲೇಲಿ ಏನೂ ಇಲ್ಲಮ್ಮ. ಹೊಟ್ಟೇಲಿದೆ. ನೋಡಿದ ತಕ್ಷಣ ಹೊಟ್ಟೆಗೆ ಗೊತ್ತಾಗುತ್ತೆ."

"ಹಾಗಾದ್ರೆ ಹೊಟ್ಟೆನೇ ಕೇಳೋಣ. ಮೊನ್ನೆ ಬಂದ ಲಾರಿ ಡ್ರೈವರನ್ನ ಎರಡಕ್ಕೆ ಯಾಕೆ ಕಳಿಸಿದ್ರಿ?"

"ಹೊಡೆದಾಟದ ಮನುಷ್ಯ."

"ಹಾಗಂತ ಅವನು ಹೇಳಿದ್ನಾ?"

"ಬಾಯಲ್ಲಿ ಹೇಳ್ತಾರಾ? ಗೆಣ್ಣಿನ ಮೇಲೆ ಹಳೇ ಗಾಯ. ಮುಂದಿನ ಹಲ್ಲು ಒಡೆದಿತ್ತು. ಕೂತ ತಕ್ಷಣ ಕಾಲು ಅಗಲ ಮಾಡಿ, 'ಒಳಗೆ ನಮ್ಮೋರು ಯಾರಿದಾರೆ?' ಅಂದ."

ಯಾಕಮ್ಮ ಎದ್ದು ಗೋಡೆಯ ಮೇಲಿನ ದೊಡ್ಡ ಕಾಗದದಲ್ಲಿ ಮೇಲಿಂದ ಕೆಳಕ್ಕೆ ಮೂರು ಸಾಲು ಎಳೆದಳು. ಎಡಗಡೆ 'ಕಂಡದ್ದು', ನಡುವೆ 'ಎಂಥವನು', ಬಲಗಡೆ 'ಎಲ್ಲಿಗೆ'. ಗಾಯ, ಹಲ್ಲು, ಕಾಲು, ಮಾತು ಎಲ್ಲವೂ ಎಡಕ್ಕೆ ಹೋದವು. ಅವೆಲ್ಲ ಸೇರಿ ನಡುವೆ 'ಗುಂಪಿನ ಹೊಡೆದಾಟ ರೂಢಿಯಾದವನು' ಎಂದಾಯಿತು. ಅಲ್ಲಿಂದ ಬಲಕ್ಕೆ ಒಂದು ಗೆರೆ: ಎರಡನೆಯ ಬ್ಯಾರಕ್.

"ಈ ಕೊನೇ ಗೆರೆ ಯಾವ ಪುಸ್ತಕದಲ್ಲೂ ಇಲ್ಲ ಸಾರ್. ಅದು ನಿಮ್ಮ ಇಪ್ಪತ್ತೇಳು ವರ್ಷದ್ದು."

"ನಡುವಿನ ಸಾಲು ಯಾಕೆ? ಕಂಡದ್ದು, ಕಳಿಸಿದ್ದು. ಸಾಕಲ್ಲ?" ಈ ಸಲ ಯಾಕೆ ಎಂದವನು ಜರಡಿ.

"ಅದಿಲ್ದಿದ್ರೆ ಬಂದ ಒಬ್ಬೊಬ್ಬ ಮನುಷ್ಯನಿಗೂ ಒಂದೊಂದು ನಿಯಮ ಬರೀಬೇಕು. ಡಾಕ್ಟರು ನೂರ ಮೂರು, ನೂರ ನಾಲ್ಕು ಅಂತ ಅಂಕಿ ಇಟ್ಕೊಂಡು ಯೋಚನೆ ಮಾಡಲ್ಲ. 'ಜೋರು ಜ್ವರ' ಅಂತಾರೆ. ಜೋರು ಜ್ವರ ಬರೋ ಕಾಯಿಲೆಗಳು ಇಷ್ಟು, ಅದರಲ್ಲಿ ನಡುಕ ಇರೋದು ಇಷ್ಟು, ಅಂತ ಸೋಸ್ತಾ ಹೋಗ್ತಾರೆ. ನೀವೂ ಹಾಗೇ. ಜರಡಿ ಅನ್ನೋ ಹೆಸರು ಸುಮ್ನೆ ಬಂದಿಲ್ಲ."

ಜರಡಿ ನಕ್ಕ. ತಾನು ಮಾಡುತ್ತಿದ್ದದ್ದಕ್ಕೆ ಹೀಗೊಂದು ಆಕಾರವಿದೆಯೆಂದು ಅವನಿಗೆ ಗೊತ್ತಿರಲಿಲ್ಲ. ಒಳ್ಳೆಯ ಬಡಗಿಗೆ ಅವನದೇ ಉಳಿಯ ಚಿತ್ರ ಬರೆದು ತೋರಿಸಿದ ಹಾಗಾಯಿತು.

ನೂರು ನಿಯಮ ದಾಟಿದ ಮೇಲೆ ಒಂದು ದಿನ ಅವಳು ನೋಟ್‌ಬುಕ್ಕು ಮುಚ್ಚಿ, "ಇದನ್ನೆಲ್ಲ ಎಲ್ಲಿ ಕಲಿತ್ರಿ?" ಎಂದಳು.

ಯಾರೂ ಕೇಳದಿದ್ದದ್ದನ್ನು ಕೇಳಿದರೆ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ. ಅವನು ತನ್ನ ಅಪ್ಪನ ಬಗ್ಗೆ ಹೇಳಿದ. ಅಪ್ಪ ಮರ ಕೊಯ್ಯುವ ಕಾರ್ಖಾನೆಯಲ್ಲಿದ್ದ. ಮನೆ ಮಹಡಿಯ ಮೇಲೆ, ಎರಡು ಕೋಣೆ, ಹತ್ತಲು ಹನ್ನೆರಡು ಮರದ ಮೆಟ್ಟಿಲು. ಸಂಜೆ ಅಪ್ಪನ ಬೂಟು ಮೊದಲ ಮೆಟ್ಟಿಲ ಮೇಲೆ ಬಿದ್ದಾಗ ಅಮ್ಮ, ಅಕ್ಕ, ಅವನು, ಮೂವರೂ ಉಸಿರು ಹಿಡಿಯುತ್ತಿದ್ದರು. ಎರಡೂ ಬೂಟು ಎಳೆದ ಹಾಗೆ ಬಂದರೆ ಕುಡಿದಿದ್ದಾನೆ, ಉಂಡು ಬಿದ್ದುಕೊಳ್ಳುತ್ತಾನೆ, ತಟ್ಟೆ ಮೊದಲು ಮುಂದಿಡಬೇಕು. ನಡುವೆ ಒಂದು ಕಡೆ ನಿಂತರೆ ಮೇಸ್ತ್ರಿಯ ಜೊತೆ ಜಗಳವಾಗಿದೆ, ಅಮ್ಮ ಕಣ್ಣಿಗೆ ಬೀಳಬಾರದು. ಸಿಳ್ಳೆ ಹಾಕಿಕೊಂಡು ಬಂದರೆ ಎಲ್ಲಕ್ಕಿಂತ ಕೆಟ್ಟದ್ದು. ಯಾರಿಗೆ, ಯಾವುದರಿಂದ ಪೆಟ್ಟು ಎಂಬುದು ಮೆಟ್ಟಿಲಲ್ಲೇ ತೀರ್ಮಾನವಾಗಿದೆ ಎಂದರ್ಥ. ಸಿಳ್ಳೆಯ ಒಂದು ಸಂಜೆ ಅಪ್ಪ ಅಮ್ಮನ ತಲೆಯನ್ನು ಬಾಗಿಲ ಸಂದಿಗಿಟ್ಟು ಬಾಗಿಲು ಹಾಕಿದ. ಅವಳ ದವಡೆ ಮುರಿದು, ತಿಂಗಳುಗಟ್ಟಲೆ ಅವಳು ಗಂಜಿ ಹೀರಿ ಬದುಕಿದಳು. ಇನ್ನೊಂದು ಸಲ ಅಕ್ಕನ ಮೊಣಕೈ ತಿರುಚಿದ.

"ಅಕ್ಕನ ಕೈ ಇವತ್ತಿಗೂ ಪೂರ್ತಿ ಚಾಚಲ್ಲ," ಎಂದ ಜರಡಿ. "ನಂಗೆ ಏಳು ವರ್ಷ ಇದ್ದಾಗಲೇ, ಅಪ್ಪ ಬಾಗಿಲಿಗೆ ಬರೋ ಹೊತ್ತಿಗೆ ಇದು ಯಾವ ಬಗೆ ಸಂಜೆ, ಏನು ಮಾಡಬೇಕು, ಎಲ್ಲಾ ನನ್ನ ತಲೇಲಿ ಆಗಿಬಿಟ್ಟಿರ್ತಿತ್ತು."

"ಏಳು ವರ್ಷಕ್ಕೇ ಈ ಮೂರು ಸಾಲು ಎಳ್ಕೊಂಡಿದ್ರಿ ನೀವು," ಎಂದಳು ಯಾಕಮ್ಮ ಮೆಲ್ಲಗೆ. "ಆಮೇಲೆ?"

"ಆಮೇಲೆ ಏನು. ನಂಗೆ ಹದಿನೇಳು ಇದ್ದಾಗ ಅಪ್ಪ ಮೆಟ್ಟಿಲಿಂದ ಬಿದ್ರು. ಒಂದು ಕಡೆ ಕೈಕಾಲು, ಮಾತು, ಎರಡೂ ಹೋಯ್ತು. ಒಂಬತ್ತು ವರ್ಷ ಹಾಸಿಗೇಲಿದ್ರು. ನಾನೇ ಊಟ ಮಾಡಿಸ್ತಿದ್ದೆ."

ಯಾಕಮ್ಮ ಆ ಒಂದು ಕಡೆ ಮಾತ್ರ "ಯಾಕೆ?" ಎನ್ನಲಿಲ್ಲ. ಮೆಟ್ಟಿಲಿಂದ ಬಿದ್ದದ್ದಕ್ಕೆ ಯಾಕೆಂದು ಯಾರು ಕೇಳುತ್ತಾರೆ?

ಇನ್ನೂರ ಹದಿಮೂರು ನಿಯಮಗಳಾದ ಮೇಲೆ ಕಂಪ್ಯೂಟರು ಮೇಜಿಗೆ ಬಂತು. ವಾರ್ಡರುಗಳು ಅದನ್ನು ಚಿಕ್ಕ ಜರಡಿ ಎಂದು ಕರೆದರು. "ದೊಡ್ಡ ಜರಡಿ ಚಹಾ ಕುಡಿಯುತ್ತೆ, ಚಿಕ್ಕ ಜರಡಿ ಕರೆಂಟು ಕುಡಿಯುತ್ತೆ, ಸೋಸೋದು ಎರಡೂ ಒಂದೇ" ಎಂದು ನಗುತ್ತಿದ್ದರು. ವಾರ್ಡರು ಕಂಡದ್ದನ್ನು ಒತ್ತಬೇಕು. ಒಂದು ಉತ್ತರಕ್ಕೆ ತಕ್ಕ ಮುಂದಿನ ಪ್ರಶ್ನೆಯನ್ನು ಅದೇ ಕೇಳುತ್ತದೆ. ಕೊನೆಗೆ ಯಾವ ಬ್ಯಾರಕ್, ನೂರಕ್ಕೆ ಎಷ್ಟು ಖಚಿತ ಎಂದು ತೋರಿಸುತ್ತದೆ. 'ಯಾಕೆ' ಎಂಬ ಗುಂಡಿ ಒತ್ತಿದರೆ ಯಾವ ಯಾವ ನಿಯಮ ಹಿಡಿದು ಅಲ್ಲಿಗೆ ಬಂದೆನೆಂದು ಸಾಲಾಗಿ ಹೇಳುತ್ತದೆ. ಅಷ್ಟಾದರೂ ಕೊನೆಯ ಸಹಿ ಜರಡಿಯದೇ. ಯಂತ್ರದ ಮಾತು ಒಪ್ಪಿಗೆಯಾಗದಿದ್ದರೆ 'ಕಾರಣ' ಎಂಬ ಖಾಲಿ ಗೆರೆಯ ಮೇಲೆ ಬರೆದು ಬದಲಾಯಿಸಬಹುದು. ಹದಿನಾಲ್ಕು ತಿಂಗಳಲ್ಲಿ ಅವನು ಬದಲಾಯಿಸಿದ್ದು ಮೂರೇ ಸಲ.

ಹದಿನೈದನೆಯ ತಿಂಗಳು ಗಡಿಯಾರ ರಿಪೇರಿಯವನು ಬಂದ.

ಮೂವತ್ತನಾಲ್ಕರ ಸಣಕಲು ಮನುಷ್ಯ. ಹೆಂಡತಿಯ ಅಣ್ಣ ಅಂಗಡಿಗೆ ನುಗ್ಗಿ ಕತ್ತಿನ ಪಟ್ಟಿ ಹಿಡಿದಾಗ ಇವನು ಸುತ್ತಿಗೆಯಿಂದ ಅವನ ಕೈ ಜಜ್ಜಿದ್ದ. ವಿಚಾರಣೆಗೆ ನಾಲ್ಕು ತಿಂಗಳಿತ್ತು, ಅಲ್ಲಿಯವರೆಗೆ ಒಳಗಿರಬೇಕು. ದನಿ ಎಷ್ಟು ತಗ್ಗಿತ್ತೆಂದರೆ ವಾರ್ಡರು ಎರಡೆರಡು ಸಲ ಕೇಳಿ ಬರೆದುಕೊಳ್ಳಬೇಕಾಯಿತು. ಬೆನ್ನ ಮೇಲೆ ಹಳೆಯ ಬಾಸುಂಡೆಯ ಗುರುತುಗಳು, ಕಿವಿಯ ಹಿಂದೆ ಹೊಲಿಗೆ. ಮೊದಲ ಸಲ ಜೈಲು. ವಾರ್ಡರು ಒಂದೊಂದಾಗಿ ಒತ್ತಿದ.

ಜರಡಿ ಬೇರೇನನ್ನೋ ನೋಡುತ್ತಿದ್ದ. ಕೂರು ಎಂದ ಕೂಡಲೇ ಗಡಿಯಾರದವನು ಕುರ್ಚಿಯನ್ನು ಒಂದು ಗೇಣು ತಿರುಗಿಸಿ, ಬೆನ್ನು ಗೋಡೆಗೆ ಬರುವ ಹಾಗೆ ಮಾಡಿಕೊಂಡು ಕೂತಿದ್ದ. ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಎಲ್ಲರ ಕೈ ನೋಡುತ್ತಿದ್ದ. ಹೊರಗೆ ಪಡಸಾಲೆಯಲ್ಲಿ ಹೆಜ್ಜೆ ಕೇಳಿದಾಗ, "ಆಗ ನನ್ನ ಕರ್ಕೊಂಡು ಬಂದ್ರಲ್ಲ, ಅವರೇ ಬಂದ್ರು" ಎಂದ. ಬಾಗಿಲು ತೆರೆಯಿತು. ಅದೇ ವಾರ್ಡರ್.

ಜರಡಿಯ ಹೊಟ್ಟೆಗೆ ಗೊತ್ತಾಯಿತು. ಇದು ಬೂದಿ ಮುಚ್ಚಿದ ಕೆಂಡ. ಇವನನ್ನು ಹಿಂದಿನಿಂದ ಮುಟ್ಟಬಾರದು.

ಪರದೆಯ ಮೇಲೆ ಬಂತು: ಮೂರನೆಯ ಬ್ಯಾರಕ್. ನೂರಕ್ಕೆ ಎಂಬತ್ತು.

"ಸಾರ್, ಸಹಿ?" ಎಂದ ವಾರ್ಡರ್.

ಜರಡಿ ಪೆನ್ನು ಹಿಡಿದು ಖಾಲಿ ಗೆರೆಯನ್ನು ನೋಡಿದ. ಬದಲಾಯಿಸಬೇಕಾದರೆ ಕಾರಣ ಬರೆಯಬೇಕು. ಕುರ್ಚಿ ತಿರುಗಿಸಿದ ಎಂದು ಬರೆದರೆ ಯಾಕಮ್ಮ ಬರುತ್ತಾಳೆ, ಕುರ್ಚಿ ತಿರುಗಿಸಿದರೆ ಏನೀಗ ಎನ್ನುತ್ತಾಳೆ. ಅಂಥವರು ಹೇಗೆಂದು ನಿಮಗೆ ಹೇಗೆ ಗೊತ್ತು ಎನ್ನುತ್ತಾಳೆ. ಆಮೇಲೆ ಹೇಳುವುದೇನು? ಅವನು ಗೆರೆಯನ್ನು ಖಾಲಿ ಬಿಟ್ಟು ಕೆಳಗೆ ಸಹಿ ಹಾಕಿದ.

ಮೂರನೆಯ ಬ್ಯಾರಕ್‌ನಲ್ಲಿ ಡೊಳ್ಳು ಎಂಬ ಕೈದಿಯಿದ್ದ. ಸುಳ್ಳು ಚೀಟಿ ನಡೆಸಿ ಸಿಕ್ಕಿಬಿದ್ದ, ದೊಡ್ಡ ಹೊಟ್ಟೆಯ ನಗೆಗಾರ. ಕೆಟ್ಟವನಲ್ಲ. ಅಳುವವರನ್ನು ನಗಿಸುವನು, ಕಾಗದ ಓದಲು ಬಾರದವರಿಗೆ ಓದಿ ಹೇಳುವನು. ಹೊಸಬರು ನೀರಿನ ನಲ್ಲಿಯ ಹತ್ತಿರ ಬಗ್ಗಿದಾಗ ಹಿಂದಿನಿಂದ ಹೋಗಿ ಕೊರಳಿಗೆ ಒದ್ದೆ ಟವಲು ಹಾಕಿ ಎಳೆದು, "ಸಿಕ್ಕಿದೆಯಾ ಮಗನೇ!" ಎನ್ನುವುದು ಅವನ ಹಳೆಯ ತಮಾಷೆ. ಹೊಸಬರು ಬೆಚ್ಚುತ್ತಿದ್ದರು, ಆಮೇಲೆ ಎಲ್ಲರೂ ನಗುತ್ತಿದ್ದರು.

ಗಡಿಯಾರದವನು ಬಂದ ಮೂರನೆಯ ಬೆಳಿಗ್ಗೆ ಡೊಳ್ಳು ಅವನ ಕೊರಳಿಗೂ ಟವಲು ಹಾಕಿದ.

ವಾರ್ಡರನ ಸೀಟಿ ಕೇಳಿ ಜರಡಿ ಗೇಟಿನಿಂದ ಓಡಿ ಬರುವ ಹೊತ್ತಿಗೆ ಬ್ಯಾರಕ್‌ನ ನಲವತ್ತು ಜನ ಗೋಡೆಗೆ ಒತ್ತಿಕೊಂಡು ನಿಂತಿದ್ದರು. ನಲ್ಲಿ ಸುರಿಯುತ್ತಲೇ ಇತ್ತು. ನೀರು ಕೆಂಪಗೆ ಚರಂಡಿಗೆ ಹರಿಯುತ್ತಿತ್ತು. ಡೊಳ್ಳು ಅಂಗಾತ ಬಿದ್ದಿದ್ದ. ಮುಖವಿದ್ದ ಕಡೆ ಮೂಗು ಎಲ್ಲಿ, ಕಣ್ಣು ಎಲ್ಲಿ ಎಂದು ತಿಳಿಯುತ್ತಿರಲಿಲ್ಲ. ಬಾಯಿಯ ಜಾಗದಲ್ಲಿ ಗುಳ್ಳೆಗಳು ಎದ್ದು ಒಡೆಯುತ್ತಿದ್ದವು. ಗಡಿಯಾರದವನು ಕಬ್ಬಿಣದ ಬಕೆಟ್ಟನ್ನು ಎತ್ತಿ ಇಳಿಸಿ ಎತ್ತಿ ಇಳಿಸಿ ಮಾಡುತ್ತಿದ್ದ, ಅದರ ಅಂಚು ಒಳಕ್ಕೆ ಬಾಗಿತ್ತು. ಅವನ ಬೆನ್ನ ಹಿಂದೆ ಬಂದ ವಾರ್ಡರ್ ಲಾಠಿ ಎತ್ತಿದ.

"ಮುಟ್ಟಬೇಡ!" ಎಂದು ಜರಡಿ ಕೂಗಿದ. "ಎದುರಿಗೆ ಬಾ. ಅವನಿಗೆ ಕಾಣೋ ಹಾಗೆ ಬಾ."

ತಾನೇ ಎರಡೂ ಕೈ ಮುಂದೆ ಚಾಚಿ, ಅಂಗೈ ತೋರಿಸುತ್ತ, ಸುತ್ತು ಹಾಕಿ ಎದುರಿಗೆ ಹೋದ. ಗಡಿಯಾರದವನು ಅವನ ಕೈಗಳನ್ನು ನೋಡಿದ. ಬಕೆಟ್ಟನ್ನು ಮೆಲ್ಲಗೆ ಕೆಳಗಿಟ್ಟು, ಗೋಡೆಗೆ ಬೆನ್ನು ಕೊಟ್ಟು ಕೂತ. ಕೊರಳಲ್ಲಿ ಟವಲು ಇನ್ನೂ ಇತ್ತು. ಡೊಳ್ಳು ಆಸ್ಪತ್ರೆಯಲ್ಲಿ ಎರಡು ದಿನ ಉಸಿರಾಡಿ ಸತ್ತ.

ಸೂಪರಿಂಟೆಂಡೆಂಟ್ ಜರಡಿಯನ್ನು ಕರೆಸಿ ಬಾಗಿಲು ಹಾಕಿಕೊಂಡರು. "ವಿಚಾರಣೆಗೆ ಮೂರು ಜನ ಬರ್ತಾರೆ. ನೀವೇನೂ ತಲೆ ಕೆಡಿಸ್ಕೋಬೇಡಿ. ಯಂತ್ರ ತಪ್ಪು ಮಾಡ್ತು, ಅಷ್ಟೇ. ಕಬ್ಬಿಣದ ಡಬ್ಬಕ್ಕೆ ಮನುಷ್ಯನ ಮನಸ್ಸು ಏನು ಗೊತ್ತಾಗುತ್ತೆ? ಅದನ್ನೇ ಹೇಳಿ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ."

ಸಾಯುವವನು ಆಗಲೇ ಸತ್ತಿದ್ದಾನಲ್ಲ ಎಂದು ಜರಡಿಗೆ ಅನಿಸಿತು.

ಅಲ್ಲಿಂದ ಆರನೆಯ ಸಾಲಿಗೆ ಹೋದ. ಸೆಲ್ಲಿನ ಎದುರಿಗೆ ಬರುವ ಮೊದಲೇ, "ಹೆಡ್ ವಾರ್ಡರು, ಬರ್ತಾ ಇದೀನಿ" ಎಂದ.

"ಗೊತ್ತಾಯ್ತು. ನಿಮ್ಮ ಎಡಗಾಲು ಸ್ವಲ್ಪ ಉಜ್ಜುತ್ತೆ," ಎಂದ ಗಡಿಯಾರದವನು ಒಳಗಿನಿಂದ. ಆಮೇಲೆ ಕೇಳಿದ: "ಎಷ್ಟು ಸಲ ಹೊಡೆದೆ ಸಾರ್?"

"ಹನ್ನೊಂದು ಅಂತ ಡಾಕ್ಟರು ಬರೆದಿದಾರೆ."

ಅವನು ಕಂಬಿಗಳ ನಡುವಿನಿಂದ ನಂಬಲಾರದೆ ನೋಡಿದ. "ಸುಳ್ಳು. ನಾನು ಹೊಡೆದದ್ದು ಒಂದೇ. ಒಂದೇ ನೆನಪಿದೆ ನಂಗೆ."

ಜರಡಿ ಕಂಬಿ ಹಿಡಿದುಕೊಂಡ. ಅವನಿಗೂ ನೆನಪಿದ್ದದ್ದು ಒಂದೇ.

ಆ ಭಾನುವಾರ ಮಧ್ಯಾಹ್ನ ಅವನು ಅಕ್ಕನ ಮನೆಗೆ ಹೋದ. ಅವನಿಗಿಂತ ನಾಲ್ಕು ವರ್ಷ ದೊಡ್ಡವಳು, ಬಟ್ಟೆ ಹೊಲಿದು ಮಕ್ಕಳನ್ನು ದಡ ಸೇರಿಸಿದವಳು. ಮಡಚಿದ ಕೈಯಿಂದ ಬಟ್ಟೆ ಒತ್ತಿ ಹಿಡಿದು ಹೊಲಿಗೆ ಯಂತ್ರ ತುಳಿಯುತ್ತಿದ್ದಳು. ಅವನ ಮುಖ ನೋಡಿ ಕಾಲು ನಿಲ್ಲಿಸಿದಳು.

"ಏನೋ, ಮುಖ ಸುಣ್ಣದ ಗೋಡೆ ಆಗಿದೆ?"

"ಅಕ್ಕ, ಆವತ್ತು ನಾನು ಅಪ್ಪಂಗೆ ಎಷ್ಟು ಏಟು ಹೊಡೆದೆ?"

ಮೂವತ್ತೆಂಟು ವರ್ಷ ಆ ಮನೆಯಲ್ಲಿ ಯಾರೂ ಆಡದ ಮಾತು ಅದು. ಅಪ್ಪ ಸಿಳ್ಳೆ ಹಾಕಿಕೊಂಡು ಬಂದ ಸಂಜೆ. ಹದಿನೇಳರ ಅವನು ಬಾಗಿಲ ಮರೆಯಲ್ಲಿ, ಕದಕ್ಕೆ ಅಡ್ಡ ಹಾಕುವ ಮರದ ಅಗುಳಿ ಹಿಡಿದು ನಿಂತಿದ್ದ. ಅಪ್ಪ ಒಳಗೆ ಕಾಲಿಟ್ಟ, ಅವನು ಬೀಸಿದ. ಅಪ್ಪ ಬಿದ್ದ. ಮೆಟ್ಟಿಲಿಂದ ಬಿದ್ದರು ಎಂದು ಅಮ್ಮ ಬೀದಿಗೆ ಹೇಳಿದಳು. ಅವನ ನೆನಪಿನಲ್ಲಿ ಇದ್ದದ್ದು ಅಷ್ಟು.

"ಯಾಕೋ ಈಗ?"

"ಒಂದೇ ಅಲ್ವಾ ಅಕ್ಕ?"

ಅಕ್ಕ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. "ಏಳು. ನಾನು ಎಣಿಸಿದ್ದೆ. ಮೊದಲ್ನೇದಕ್ಕೇ ಬಿದ್ದಿದ್ರು. ಎರಡನೇದಕ್ಕೆ ಅಮ್ಮ ಸಾಕು ಬಿಡೋ ಅಂದ್ಲು. ಮೂರನೇದಕ್ಕೆ ಕಾಲು ಹಿಡ್ಕೊಂಡ್ಲು. ನಾಲ್ಕನೇದಕ್ಕೆ ನಾನು ಹಿಂದಿನಿಂದ ನಿನ್ನ ಸೊಂಟ ಹಿಡಿದೆ. ನೀನು ನನ್ನ ಎತ್ತಿ ಗೋಡೆಗೆ ಎಸೆದು ಮತ್ತೆ ಹೋದೆ."

ಅವನು ಅವಳ ಕೈ ನೋಡಿದ.

"ಹ್ಞೂಂ ಕಣೋ," ಎಂದಳು ಅಕ್ಕ. "ಇದು ಅಪ್ಪ ತಿರುಚಿದ್ದಲ್ಲ."

"ನೀನೇ ಹೇಳಿದ್ದು ಅಪ್ಪ ಅಂತ..."

"ಹೇಳ್ದೆ ಏನು ಮಾಡ್ಲಿ? ಮೂರು ದಿನ ನೀನು ಮಾತಾಡ್ಲಿಲ್ಲ. ನಾಲ್ಕನೇ ದಿನ ಬಾಯಿ ಬಿಟ್ಟು, 'ಅಕ್ಕ, ಕೈಗೆ ಏನಾಯ್ತು?' ಅಂದೆ. ನಂಗೆ ಗಾಬರಿ ಆಯ್ತು. ಆಗಲೇ ಮೂಲೇಲಿ ಬಿದ್ದಿದ್ರಲ್ಲ ಒಬ್ರು, ಎಲ್ಲಾ ಅವರ ತಲೆಗೇ ಕಟ್ಟಿದೆ. ಅವರೇನು ಎದ್ದು ಬಂದು ಇಲ್ಲ ಅಂತಿದ್ರಾ?"

ಜರಡಿ ನೆಲದ ಮೇಲೆ, ಕತ್ತರಿಸಿದ ಬಟ್ಟೆಯ ಚೂರುಗಳ ನಡುವೆ ಕೂತುಬಿಟ್ಟ. ಮೂರು ಸಾಲಿನ ಕಾಗದದಲ್ಲಿ ತನ್ನನ್ನು ಎಲ್ಲಿ ಬರೆದುಕೊಂಡಿದ್ದನೋ ಅಲ್ಲಿ ತಾನಿರಲಿಲ್ಲ. ಪೆಟ್ಟು ತಿಂದವನು, ಒಂದೇ ಒಂದು ಸಲ ತಾಳಲಾರದೆ ತಿರುಗಿ ಹೊಡೆದವನು ಎಂದುಕೊಂಡು ಬದುಕಿದ್ದ. ಅಕ್ಕ ಮಡಚಿದ ಕೈಯಿಂದಲೇ ಅವನ ತಲೆ ಸವರಿದಳು. ಅದು ಅವನಿಗೆ ಏಟಿಗಿಂತ ಹೆಚ್ಚು ನೋಯಿತು.

ವಿಚಾರಣೆಯ ದಿನ ಮೂವರು ಅಧಿಕಾರಿಗಳು ಯಂತ್ರದ 'ಯಾಕೆ' ಗುಂಡಿ ಒತ್ತಿಸಿದರು. ಸಾಲುಗಳು ಬಂದವು. ತಗ್ಗಿದ ದನಿ, ಹಳೆಯ ಬಾಸುಂಡೆ, ಮೊದಲ ಜೈಲು. ಆದ್ದರಿಂದ ಪೆಟ್ಟು ತಿಂದು ಬೆಳೆದವನು. ಪೆಟ್ಟು ತಿಂದು ಬೆಳೆದವನು ಇಲ್ಲೂ ಪೆಟ್ಟು ತಿನ್ನುತ್ತಾನೆ. ಆದ್ದರಿಂದ ಮೂರನೆಯ ಬ್ಯಾರಕ್. ಪ್ರತಿ ಸಾಲೂ ಜರಡಿಯದೇ ಮಾತು. ಮೂಲೆಯಲ್ಲಿ ಕೂತಿದ್ದ ಯಾಕಮ್ಮನ ಮುಖ ಬಿಳಿಚಿತ್ತು.

"ಹಾಗಾದ್ರೆ ಯಂತ್ರ ತಪ್ಪು ಮಾಡಿದೆ," ಎಂದರು ಹಿರಿಯ ಅಧಿಕಾರಿ.

"ಇಲ್ಲ ಸಾರ್," ಎಂದ ಜರಡಿ. "ಅದಕ್ಕೆ ಕೊಟ್ಟಿದ್ದನ್ನ ಅದು ಸರಿಯಾಗೇ ಮಾಡಿದೆ. ಒಂದು ನಿಯಮ ಕೊಟ್ಟಿರ್ಲಿಲ್ಲ. ಅದು ನಂಗೆ ಗೊತ್ತಿತ್ತು. ಆ ಮನುಷ್ಯ ಕುರ್ಚಿ ತಿರುಗಿಸಿದಾಗಲೂ ಗೊತ್ತಾಯ್ತು. ಕಾರಣ ಬರೆಯೋಕೆ ಧೈರ್ಯ ಇಲ್ದೆ ಸಹಿ ಹಾಕಿದೆ."

ಸೂಪರಿಂಟೆಂಡೆಂಟ್ ಕೆಮ್ಮಿದರು. ಜರಡಿ ನಿಲ್ಲಿಸಲಿಲ್ಲ. ಅಗುಳಿ, ಏಳು ಏಟು, ಅಕ್ಕನ ಕೈ, ಎಲ್ಲವನ್ನೂ ಹೇಳಿ ಮುಗಿಸಿದ.

ಯಾಕಮ್ಮ ಅವತ್ತೇ ಹಿಂದಿನ ಕೋಣೆಗೆ ಬಂದು ನೋಟ್‌ಬುಕ್ಕನ್ನು ಮೇಜಿಗೆ ಬಡಿದಳು. "ಆರು ತಿಂಗಳು ಕೂತು ಕೇಳಿದೆ ಸಾರ್. ಆರು ತಿಂಗಳು! ಒಬ್ಬ ಮನುಷ್ಯ ಸತ್ತ."

"ಹೌದಮ್ಮ."

"ಹೌದಮ್ಮ ಅಂದ್ರೆ ಆಯ್ತಾ?"

ಅವನು ಕುರ್ಚಿ ಎಳೆದು ಅವಳ ಎದುರಿಗೆ ಕೂತ. ಅವಳು ಕಣ್ಣೊರೆಸಿಕೊಂಡು ಪೆನ್ನು ತೆಗೆದಳು. 'ಪೆಟ್ಟು ತಿಂದು ಬೆಳೆದವನು' ಎಂಬ ನಡುವಿನ ಸಾಲನ್ನು ಇಬ್ಬರೂ ಕೂತು ಎರಡಾಗಿ ಸೀಳಿದರು. ಪೆಟ್ಟು ತಿಂದು ಬಗ್ಗಿದವನು ಒಬ್ಬ. ಪೆಟ್ಟು ಬರುವುದನ್ನು ಮೊದಲೇ ಓದಲು ಕಲಿತವನು ಇನ್ನೊಬ್ಬ. ಎರಡನೆಯವನು ಗೋಡೆ ಹುಡುಕುತ್ತಾನೆ, ಕೈ ನೋಡುತ್ತಾನೆ, ಹೆಜ್ಜೆಯಲ್ಲೇ ಜನರನ್ನು ಗುರುತಿಸುತ್ತಾನೆ. ಅವನಿಗೆ ಬಾಗಿಲು ಕಾಣುವ ಕಡೆ ಹಾಸಿಗೆ ಹಾಕಬೇಕು. ಹೇಳಿ ಒಳಗೆ ಹೋಗಬೇಕು. ಹಿಂದಿನಿಂದ ಮುಟ್ಟಬಾರದು. ಆರನೆಯ ಸಾಲು.

"ಎಷ್ಟು ಖಚಿತ?"

"ನೂರಕ್ಕೆ ತೊಂಬತ್ತು. ಆದರೆ ಇದನ್ನೂ ಬರ್ಕೋ ತಾಯಿ. ಅಂಥವನನ್ನ ಅವನ ಪಾಡಿಗೆ ಬಿಟ್ರೆ ಸಾಯೋವರೆಗೂ ಯಾರಿಗೂ ಹೊಡೆಯದೆ ಇರಬಹುದು. ಹೊಡೆದಾಗ ಮಾತ್ರ, ಯಾವಾಗ ನಿಲ್ಲಿಸಬೇಕು ಅಂತ ಅವನಿಗೆ ಗೊತ್ತಾಗಲ್ಲ."

ಅದು ಇನ್ನೂರ ಹದಿನಾಲ್ಕನೆಯ ನಿಯಮವಾಯಿತು. ಮುಂದಿನ ಒಂದು ವರ್ಷದಲ್ಲಿ ಅದು ನಾಲ್ವರನ್ನು ಆರಕ್ಕೆ ಕಳಿಸಿತು. ನಾಲ್ವರೂ ಯಾರ ಮೈಮೇಲೂ ಕೈಮಾಡದೆ ದಿನ ಮುಗಿಸಿ ಮನೆಗೆ ಹೋದರು. ಗಡಿಯಾರದವನ ಮೊಕದ್ದಮೆಯಲ್ಲಿ ವಕೀಲರು ಜರಡಿಯ ಹೇಳಿಕೆಯನ್ನು ಓದಿಸಿದರು. ನೇಣು ತಪ್ಪಿ ಒಂಬತ್ತು ವರ್ಷ ಶಿಕ್ಷೆಯಾಯಿತು. ನಾಲ್ಕು ತಿಂಗಳಿಗೆಂದು ಬಂದವನಿಗೆ ಒಂಬತ್ತು ವರ್ಷ. ಜರಡಿ ಅದನ್ನು ಸಮಾಧಾನವೆಂದು ಎಂದೂ ಅಂದುಕೊಳ್ಳಲಿಲ್ಲ. ಅಪ್ಪನ ವಿಷಯವನ್ನು ಅಷ್ಟು ಹಳೆಯದೆಂದು ಯಾರೂ ಕೆದಕಲಿಲ್ಲ. ಆದರೆ ಜರಡಿಯನ್ನು ಮೇಜಿನಿಂದ ಎಬ್ಬಿಸಿ ಕಂಬಳಿಗಳ ಉಗ್ರಾಣಕ್ಕೆ ಹಾಕಿದರು.

ಉಗ್ರಾಣದಲ್ಲಿ ಸತ್ತ ಕೈದಿಗಳ ಸಾಮಾನೂ ಇರುತ್ತಿತ್ತು. ಒಂದು ಬೆಳಿಗ್ಗೆ ಡೊಳ್ಳುವಿನ ಹೆಂಡತಿ ಬಂದಳು. ಜರಡಿ ಗಂಟು ತಂದು ಮೇಜಿನ ಮೇಲೆ ಬಿಚ್ಚಿದ. ಎರಡು ಅಂಗಿ, ಕನ್ನಡಕ, ಬಾಚಣಿಗೆ, ಬೆಲ್ಟು.

"ಒಳಗೂ ನಗಿಸ್ತಿದ್ರಾ?" ಎಂದು ಅವಳು ಕೇಳಿದಳು.

"ತುಂಬಾ ನಗಿಸ್ತಿದ್ರಮ್ಮ."

"ಅಂಥವನ ಜೊತೆ ಇವರನ್ನ ಇಟ್ಟಿದ್ದು ಯಾರು?"

ಸುಮ್ಮನಿದ್ದಿದ್ದರೆ ಅವಳು ಸಹಿ ಹಾಕಿ ಹೋಗಿಬಿಡುತ್ತಿದ್ದಳು. ಜರಡಿ ಟೋಪಿ ತೆಗೆದು ಮೇಜಿನ ಮೇಲಿಟ್ಟ. "ನಾನಮ್ಮ. ಅವನನ್ನ ಅಲ್ಲಿಗೆ ಹಾಕಬಾರದು ಅಂತ ಗೊತ್ತಿದ್ದೂ ಸಹಿ ಹಾಕಿದೆ."

ಅವಳು ಬೆಲ್ಟನ್ನು ಎತ್ತಿಕೊಂಡು ಬೀಸಿ ಹೊಡೆದಳು. ಬಕಲು ಅವನ ಕೆನ್ನೆ ಸೀಳಿತು. ಅವನು ಕೈ ಎತ್ತಲಿಲ್ಲ. ಎರಡನೆಯದು ಕಿವಿಗೆ, ಮೂರನೆಯದು ಹುಬ್ಬಿಗೆ. ರಕ್ತ ಕಣ್ಣಿಗಿಳಿದು ಒಂದು ಕಡೆ ಏನೂ ಕಾಣದಾಯಿತು. ಬಾಗಿಲಿನ ವಾರ್ಡರು ಓಡಿ ಬಂದ. ಜರಡಿ ಅವನಿಗೆ ನಿಲ್ಲು ಎಂದು ಸನ್ನೆ ಮಾಡಿದ. ನಾಲ್ಕನೆಯದಕ್ಕೆ ಎತ್ತಿದ ಅವಳ ಕೈ ಗಾಳಿಯಲ್ಲೇ ನಿಂತಿತು. ಅವಳು ಅವನ ಮುಖ ನೋಡಿದಳು, ಬೆಲ್ಟು ನೋಡಿದಳು, ಕೈ ಇಳಿಸಿದಳು.

"ಸಹಿ ಎಲ್ಲಿ ಹಾಕಬೇಕು?" ಎಂದಳು.

ಅವನು ಜಾಗ ತೋರಿಸಿದ. ಅವಳು ಸಹಿ ಹಾಕಿ, ಬೆಲ್ಟನ್ನು ಸುರುಳಿ ಸುತ್ತಿ ಅಂಗಿಗಳ ಮೇಲಿಟ್ಟು, ಗಂಟು ಕಟ್ಟಿಕೊಂಡು ಹೊರಟುಹೋದಳು.